ಖಾಲಿ ಚೌಕದ ಸಹಿ

ನನ್ನ ಹೊಲಿಗೆ ಅಂಗಡಿಯ ಕಪಾಟಿನಲ್ಲಿ, ಲೈನಿಂಗ್ ಬಟ್ಟೆಗಳ ಕೆಳಗೆ, ಒಂದು ಹಾಜರಿ ಪುಸ್ತಕ ಇದೆ. ಹಸಿರು ರಟ್ಟು, ಬೆನ್ನಿಗೆ ಕೆಂಪು ಬಟ್ಟೆ. ದೀಪಾವಳಿಗೆ ಅಂಗಡಿ ಝಾಡಿಸುವಾಗೆಲ್ಲ ನಮ್ಮ ಯಜಮಾನರು, "ಇದನ್ನ ಇನ್ನೂ ಯಾಕ ಇಟ್ಟೀ? ರದ್ದಿಗೆ ಹಾಕು" ಅಂತಾರೆ. ನಾನು ಹಾಕುವುದಿಲ್ಲ. ತೆರೆದು ನೋಡಿದರೆ ಖುಷಿಯಾಗುತ್ತದೆ, ನಾಚಿಕೆಯೂ ಆಗುತ್ತದೆ. ಎರಡೂ ಖರೇನೇ.

2010ರ ಮಾತು. ಗೋವೆಯ ಸಾಂಕೋಲೆಯಲ್ಲಿ ಆಗ ಒಂದು ದೊಡ್ಡ ಕಟ್ಟಡ ಏಳುತ್ತಿತ್ತು. ಅದರ ಹಿಂದೆ ತಗಡಿನ ಖೋಲಿಗಳ ಸಾಲು. ವಿಜಯಪುರ, ಬಾಗಲಕೋಟೆ, ಗದಗದ ಕಡೆಯಿಂದ ಬಂದ ನಮ್ಮ ಮಂದಿಯೇ ಎಲ್ಲ. ಪ್ರತಿ ರವಿವಾರ ಬೆಳಿಗ್ಗೆ ಒಂಬತ್ತೂವರೆಗೆ ನಾನು ಜುವಾರಿನಗರದಿಂದ ನಡೆದು ಹೋಗಿ, ಅಲ್ಲಿನ ಸಿಮೆಂಟ್ ಗೋದಾಮಿನ ಪಡಸಾಲೆಯಲ್ಲಿ ಹೆಂಗಸರಿಗೆ ಅಕ್ಷರ ಕಲಿಸುತ್ತಿದ್ದೆ. ಖಾಲಿ ಸಿಮೆಂಟ್ ಚೀಲಗಳೇ ಚಾಪೆ. ಪಾಟಿ ಸಾಲದಿದ್ದರೆ ನೆಲದ ಮೇಲೆ ಚಾಕ್‌ಪೀಸಿನಿಂದ ಬರೆಯುತ್ತಿದ್ದೆವು. ವಾರಕ್ಕೊಂದು ರಜೆಯ ದಿನ, ಎಲ್ಲರೂ ತಲೆಸ್ನಾನ ಮಾಡಿ, ಹಸಿ ಕೂದಲಿಗೆ ಎಣ್ಣೆ ಹಚ್ಚಿಕೊಂಡು ಬರೋರು. ದೂರದಲ್ಲಿ ಇಗರ್ಜಿಯ ಗಂಟೆ, ಹತ್ತಿರದಲ್ಲಿ ಪಾವ್ ಮಾರುವವನ ಸೈಕಲ್ ಹಾರ್ನ್. ಯಾರಾದರೂ ಚುರುಮುರಿ ಹಚ್ಚಿಕೊಂಡು ಬಂದರಂತೂ ಪಾಠ ಮುಗಿದ ಹಾಗೇ. ಈಗಲೂ ಹಸಿ ಸಿಮೆಂಟಿನ ವಾಸನೆ ಬಂದರೆ ನನಗೆ ಮೊದಲು ನೆನಪಾಗುವುದು 'ಅ ಆ ಇ ಈ'.

ಅವರಲ್ಲಿ ಎಲ್ಲರಿಗಿಂತ ಹಿರಿಯಳು ಒಬ್ಬಳಿದ್ದಳು. ಐವತ್ತು ದಾಟಿರಬೇಕು, ತಲೆಯ ಮೇಲೆ ಸಿಂಬಿ ಇಟ್ಟು ಹತ್ತು ಇಟ್ಟಂಗಿ ಹೊತ್ತು ಮೂರನೇ ಅಂತಸ್ತು ಏರುವ ಗಟ್ಟಿ ಹೆಣ್ಣು. ಎಲ್ಲರೂ ಆಕೆಯನ್ನು ದೊಡ್ಡವ್ವ ಅನ್ನುತ್ತಿದ್ದರು, ನಾನೂ ಅಂದೆ. ಅಕ್ಷರ ಆಕೆಯ ತಲೆಗೆ ಹತ್ತಲಿಲ್ಲ. ಆದರೆ ಹೆಸರನ್ನು ಚಿತ್ರ ಬರೆದ ಹಾಗೆ ಬರೆಯಲು ಕಲಿಸಿದೆ. ಮೂರು ತಿಂಗಳು ಬೇಕಾಯಿತು. ಕೊನೆಯ ಅಕ್ಷರ ಯಾವಾಗಲೂ ದೊಡ್ಡದಾಗಿ, ಗೆರೆ ಬಿಟ್ಟು ಕೆಳಗೆ ಜಾರುತ್ತಿತ್ತು. ಮೊದಲ ಸಲ ಸಹಿ ಪೂರ್ತಿಯಾದ ದಿನ ಆಕೆ ಎಲ್ಲರ ಬಾಯಿಗೂ ಬೆಲ್ಲದ ಚೂರು ಹಾಕಿದಳು.

"ಇನ್ನ ಮ್ಯಾಲ ನನ್ನ ಹೆಬ್ಬೆಟ್ಟಿಗೆ ಶಾಯಿ ಹತ್ತಂಗಿಲ್ಲ ನೋಡ ಬೇ ಟೀಚರ" ಅಂದಳು.

ಇಲ್ಲಿ ನನ್ನದೊಂದು ತಪ್ಪು ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರಿಂದಲೇ. ಹಾಜರಿ ಪುಸ್ತಕದಲ್ಲಿ ಪ್ರತಿ ರವಿವಾರಕ್ಕೆ ಒಂದು ಚೌಕ, ಅದರಲ್ಲಿ ಒಬ್ಬೊಬ್ಬರೂ ಸಹಿ ಮಾಡಬೇಕು. ಇಪ್ಪತ್ತು ಹೆಂಗಸರು ನಾಲಿಗೆ ಹಲ್ಲಲ್ಲಿ ಕಚ್ಚಿಕೊಂಡು ಸಹಿ ಮಾಡುವಷ್ಟರಲ್ಲಿ ಅರ್ಧ ವರ್ಗ ಮುಗಿಯುತ್ತಿತ್ತು. ಅದಕ್ಕೆ ನಾನು ಒಂದು ಉಪಾಯ ಮಾಡಿದೆ. ತಿಂಗಳ ಮೊದಲ ರವಿವಾರ ನಾಲ್ಕೂ ಚೌಕಕ್ಕೆ ಒಮ್ಮೆಲೇ ಸಹಿ ಹಾಕಿಸಿಬಿಡುವುದು. "ಖಾಲಿ ಜಾಗ ಎಲ್ಲೆಲ್ಲಿ ಐತೋ ಅಲ್ಲೆಲ್ಲಾ ಮಾಡ್ರೆವ್ವ, ಬಿಡಬ್ಯಾಡ್ರಿ" ಅಂತಿದ್ದೆ. ನಾನೇ ಅಂತಿದ್ದೆ.

ತಾಲೂಕಿನ ಕಾನೂನು ನೆರವು ಕಚೇರಿಯಲ್ಲಿ ನನಗೆ ನಾಲ್ಕು ದಿನದ ತರಬೇತಿ ಆಗಿತ್ತು. ಅಲ್ಲಿ ಕಲಿತದ್ದನ್ನು ವರ್ಗದಲ್ಲಿ ಮಗ್ಗಿಯ ಹಾಗೆ ಹೇಳಿಸುತ್ತಿದ್ದೆ. ಪೊಲೀಸರು ಹಿಡಿದರೆ ಕಾರಣ ಹೇಳಬೇಕು. ಮನೆಯವರಿಗೆ ತಿಳಿಸಬೇಕು. ಇಪ್ಪತ್ನಾಲ್ಕು ತಾಸಿನೊಳಗೆ ಜಡ್ಜರ ಮುಂದೆ ನಿಲ್ಲಿಸಬೇಕು. ವಕೀಲರಿಲ್ಲದ ಬಡವರಿಗೆ ಸರಕಾರದ ವಕೀಲರು ಪುಕ್ಕಟೆ. ಹೆಂಗಸರು ರಾಗವಾಗಿ ಒಪ್ಪಿಸುತ್ತಿದ್ದರು. ನಾನು ಎಷ್ಟು ಉಬ್ಬಿದ್ದೆ ಅಂದರೆ, ಆ ಮಗ್ಗಿಯಲ್ಲಿ ಒಂದು ಸಾಲು ಬಿಟ್ಟುಹೋಗಿದೆ ಅನ್ನುವುದು ಹೊಳೆಯಲೇ ಇಲ್ಲ.

ಮಳೆಗಾಲ ಮುಗಿದ ಮೇಲೆ ಒಂದು ರವಿವಾರ, ಹತ್ತು ಗಂಟೆಯ ಸುಮಾರಿಗೆ, ಗೋಡೆ ಕಟ್ಟುವ ಗವಂಡಿಯೊಬ್ಬನ ಹೆಂಡತಿ ಸೆರಗು ಬಾಯಿಗೊತ್ತಿಕೊಂಡು ವರ್ಗಕ್ಕೆ ಓಡಿ ಬಂದಳು. ವಿಜಯಪುರದ ಕಡೆಯ ಮುಸಲ್ಮಾನರ ಹುಡುಗಿ, ಆರು ತಿಂಗಳ ಬಸುರಿ. ಅವಳ ಖೋಲಿಯೂ ದೊಡ್ಡವ್ವನ ಖೋಲಿಯೂ ಒಂದೇ ಗೋಡೆಯವು.

"ಅಕ್ಕಾರ, ಅವರನ್ನ ಪೊಲೀಸ್ರು ಒಯ್ದ್ರಿ! ತಾಮ್ರದ ವಾಯರ್ ಕದ್ದಾರ ಅಂತಾರ್ರಿ. ಅವರು ಕದಿಯೂ ಪೈಕಿ ಅಲ್ರೀ, ಅಲ್ಲಾನಾಣಿ ಅಲ್ರೀ!"

ಸೈಟಿನ ಸ್ಟೋರಿನಿಂದ ಶನಿವಾರ ವಾಯರ್ ಬಂಡಲ್ ಕಾಣೆಯಾಗಿತ್ತು. ಕೊನೆಗೆ ಅಲ್ಲಿ ಕಂಡವನು ಗವಂಡಿ ಅಂತ ವಾಚ್‌ಮನ್ ಹೇಳಿದ್ದ, ಅಷ್ಟೇ. ದೊಡ್ಡವ್ವ ಎದ್ದು ಹೋಗಿ ಹುಡುಗಿಯನ್ನು ಸಿಮೆಂಟ್ ಚೀಲದ ಮೇಲೆ ಕೂಡಿಸಿ, ನೀರು ಕುಡಿಸಿ, ಬೆನ್ನು ಸವರಿದಳು. ವರ್ಗ ಮುಗಿಯುವ ತನಕ ಅವಳ ಕೈ ಬಿಡಲಿಲ್ಲ. ನನಗಿದು ಚೆನ್ನಾಗಿ ನೆನಪಿದೆ, ನೆನಪಿಡಬೇಕಾಗಿಯೂ ಬಂತು.

ನಾನು ಹುಡುಗಿಯನ್ನು ಕರೆದುಕೊಂಡು ಪೊಲೀಸ್ ಔಟ್‌ಪೋಸ್ಟಿಗೆ ಹೋದೆ. ಹವಾಲ್ದಾರರು ಮಾತಿನಲ್ಲಿ ಒರಟೇನಲ್ಲ. "ನಾಳೆ ವಾಸ್ಕೋ ಕೋರ್ಟಿಗೆ ತರ್ತೀವಿ, ಅಲ್ಲಿಗೆ ಬನ್ನಿ" ಅಂತ ಹಿಂದಿಯಲ್ಲಿ ಹೇಳಿದರು. ಸೋಮವಾರ ಹಾಜರುಪಡಿಸಿ, ನಾಲ್ಕು ದಿನ ತಮ್ಮ ವಶಕ್ಕೆ ತೆಗೆದುಕೊಂಡರು. ಮಂಗಳವಾರ ಬೆಳಿಗ್ಗೆ ಕಾನೂನು ನೆರವು ಕಚೇರಿಗೆ ಅರ್ಜಿ ಕೊಟ್ಟು ಒಬ್ಬ ವಕೀಲಬಾಯಿಯನ್ನು ಕೊಡಿಸಿಕೊಂಡೆ. ಕೊಂಕಣಿ ಮಾತೃಭಾಷೆಯ ಗೋವೆಯವರು, ಮಾತು ಕಡಿಮೆ, ಕೆಲಸ ಚುರುಕು. ಅದೇ ದಿನ ಜಾಮೀನಿಗೆ ಅರ್ಜಿ ಹಾಕಿದರು.

ಅವತ್ತೇ ಸಂಜೆ ದೊಡ್ಡವ್ವ ದಾರಿಯಲ್ಲಿ ಸಿಕ್ಕಿದಳು. ಮುಖ ಅರಳಿತ್ತು. "ಟೀಚರ, ನಿನ್ನೆ ನನ್ನ ಸಹಿ ಹೊರಗ ಕೆಲಸಕ್ಕ ಬಂತು ನೋಡ. ಕುರ್ಚಿ ಮ್ಯಾಲ ಕುಂದ್ರಿಸಿ ಮಾಡಿಸಿಕೊಂಡ್ರು!"

ನನಗೆ ಬಸ್ಸಿನ ಅವಸರ. "ಶಭಾಷ್ ದೊಡ್ಡವ್ವ" ಅಂದು ಬೆನ್ನು ತಟ್ಟಿ ಓಡಿದೆ. ಎಲ್ಲಿ, ಯಾರು, ಯಾತಕ್ಕೆ ಅಂತ ಒಂದು ಮಾತು ಕೇಳಲಿಲ್ಲ. ನನ್ನ ಬುದ್ಧಿಗಿಷ್ಟು!

ಗುರುವಾರ ಪೊಲೀಸರು ಜಾಮೀನು ಅರ್ಜಿಗೆ ಉತ್ತರ ಕೊಟ್ಟರು. ವಕೀಲಬಾಯಿ ಕೋರ್ಟಿನ ವರಾಂಡದಲ್ಲಿ ನಿಂತು ಅದನ್ನು ನನಗೆ ಹಿಂದಿಯಲ್ಲಿ ಬಿಡಿಸಿ ಹೇಳಿದರು. ಜೊತೆಗೆ ಪಂಚನಾಮೆಯ ನಕಲೂ ಇತ್ತು. ಝಡತಿ, ಅಂದರೆ ಶೋಧ, ಮಾಡುವಾಗ ಅದೇ ಓಣಿಯ ಇಬ್ಬರು ಕಣ್ಣಾರೆ ನೋಡಬೇಕು, ಸಿಕ್ಕಿದ್ದನ್ನೆಲ್ಲ ಬರೆದ ಮೇಲೆ ಅವರು ಸಹಿ ಹಾಕಬೇಕು, ಅದಕ್ಕೇ ಪಂಚನಾಮೆ ಅನ್ನುವುದು. ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು: ರವಿವಾರ ಬೆಳಿಗ್ಗೆ ಹತ್ತು ಗಂಟೆಗೆ ಇಬ್ಬರು ಪಂಚರ ಮುಂದೆ ಗವಂಡಿಯ ಖೋಲಿ ಶೋಧಿಸಲಾಗಿ, ಕಟ್ಟಿಗೆಯ ಕೆಳಗೆ ತಾಮ್ರದ ವಾಯರ್ ಸಿಕ್ಕಿತು.

"ಒಬ್ಬ ಪಂಚ ವಾಚ್‌ಮನ್. ಇನ್ನೊಬ್ಬರ ಸಹಿ ಕನ್ನಡದಲ್ಲಿದೆ, ನನಗೆ ಓದಲು ಬರುವುದಿಲ್ಲ. ಯಾರಿದು?" ಅಂತ ಕಾಗದ ನನ್ನ ಮುಂದೆ ಹಿಡಿದರು.

ನಾನು ಓದಬೇಕಾಗಿಯೇ ಇರಲಿಲ್ಲ. ಕೊನೆಯ ಅಕ್ಷರ ದೊಡ್ಡದಾಗಿ, ಗೆರೆ ಬಿಟ್ಟು ಕೆಳಗೆ ಜಾರಿತ್ತು. ನಾನು ಕೈ ಹಿಡಿದು ಕಲಿಸಿದ ಸಹಿ. ವರಾಂಡದ ಬೆಂಚಿನ ಮೇಲೆ ಕೂತುಬಿಟ್ಟೆ. ಪಕ್ಕದಲ್ಲಿ ಗವಂಡಿಯ ಹೆಂಡತಿ, "ಏನಾತ್ರಿ ಅಕ್ಕಾರ?" ಅಂತ ನನ್ನ ತೋಳು ಅಲುಗಿಸುತ್ತಿದ್ದಳು. ನಿನ್ನ ಬೆನ್ನು ಸವರಿದವಳ ಸಹಿಯೇ ನಿನ್ನ ಗಂಡನನ್ನು ಒಳಗೆ ಹಾಕಿದೆ ಅಂತ ಹೇಗೆ ಹೇಳಲಿ?

ಆಮೇಲೆ ತಲೆ ಓಡಿತು. ರವಿವಾರ ಹತ್ತು ಗಂಟೆಗೆ ದೊಡ್ಡವ್ವ ಖೋಲಿಯಲ್ಲಿ ಎಲ್ಲಿದ್ದಳು? ನನ್ನ ವರ್ಗದಲ್ಲಿದ್ದಳಲ್ಲ!

ವಕೀಲಬಾಯಿಯ ಕಣ್ಣು ಅರಳಿದವು. "ಇಪ್ಪತ್ತು ಜನರ ಬಾಯಿಮಾತು ಆಮೇಲಿನದು. ಈಗ ನನಗೆ ಕಾಗದ ಬೇಕು. ಹಾಜರಿ ಇಡುತ್ತೀರಲ್ಲ? ನಾಳೆಯೇ ತನ್ನಿ."

ಮನೆಗೆ ಬಂದು ಚಪ್ಪಲಿ ಸಹ ಬಿಡದೆ ಪುಸ್ತಕ ತೆರೆದೆ. ಆ ರವಿವಾರದ ಚೌಕದಲ್ಲಿ ದೊಡ್ಡವ್ವನ ಸಹಿ ಇತ್ತು. ಅದರ ಪಕ್ಕದ ಚೌಕದಲ್ಲೂ ಇತ್ತು. ಇನ್ನೂ ಬರಬೇಕಾಗಿದ್ದ ರವಿವಾರ ಅದು! ಅದರ ಮುಂದಿನದಕ್ಕೂ ಇತ್ತು. ಇಪ್ಪತ್ತೂ ಜನರದು ಹಾಗೇ. ಬಾರದ ದಿನಕ್ಕೆ ಹಾಜರಿ ಹಾಕಿಸಿದ್ದೆ ನಾನು.

ಅವತ್ತು ಅಡಿಗೆ ಮಾಡಲಿಲ್ಲ. ಮುಂದಿನ ಎರಡು ಚೌಕ ಬ್ಲೇಡಿನಿಂದ ಕೆರೆದುಬಿಟ್ಟರೆ? ಪುಟವನ್ನೇ ಬದಲಿಸಿ ಹೊಸದಾಗಿ ಸಹಿ ಹಾಕಿಸಿದರೆ? ಯಾರಿಗೆ ಗೊತ್ತಾಗುತ್ತದೆ? ಇದ್ದ ಸತ್ಯವನ್ನೇ ತಾನೇ ಹೇಳುತ್ತಿರುವುದು? ಬ್ಲೇಡು ಹೊಲಿಗೆ ಮಷಿನಿನ ಡಬ್ಬಿಯಲ್ಲೇ ಇತ್ತು, ಕೈಗೂ ತೆಗೆದುಕೊಂಡೆ. ನಮ್ಮ ಯಜಮಾನರು ಬಂದರಿನ ಕೆಲಸ ಮುಗಿಸಿ ಬಂದವರು ಸುಮ್ಮನೆ ನೋಡುತ್ತಿದ್ದರು. ಕಡೆಗೆ, "ಹವಾಲ್ದಾರ ಮಾಡಿದ್ದಕ್ಕೂ ನೀ ಮಾಡೂದಕ್ಕೂ ಏನ್ ಫರಕ್ ಐತಿ, ಅದೊಂದು ಹೇಳು" ಅಂದರು. ಸಿಟ್ಟು ಬಂತು. ಭಾಳ ಸಿಟ್ಟು ಬಂತು. ಬ್ಲೇಡು ಡಬ್ಬಿಗೆ ಹಾಕಿದೆ.

ಶುಕ್ರವಾರ ಪುಸ್ತಕವನ್ನು ಇದ್ದಂತೆಯೇ ವಕೀಲಬಾಯಿಯ ಮುಂದಿಟ್ಟು ಎಲ್ಲ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಚಲೋ ಇತ್ತು. ಪುಸ್ತಕ ಮುಚ್ಚಿ ನನ್ನ ಕಡೆ ಸರಿಸಿದರು. "ಇದು ಬೇಡ. ಇದನ್ನು ತೋರಿಸಿದರೆ ಇದ್ದ ಸತ್ಯವೂ ಹೋಗುತ್ತದೆ. ಆ ಹೆಂಗಸು ತಾನೇ ಬರೆದುಕೊಡಬೇಕು, ಠಾಣೆಯ ಇನ್‌ಸ್ಪೆಕ್ಟರಿಗೆ. ಮುದ್ರೆ ಬಿದ್ದ ನಕಲು ನನಗೆ ಕೊಡಿ. ಆದರೆ ನೀವು ಹೇಳಿಕೊಡಬೇಡಿ. ಆಕೆ ಒಪ್ಪದಿದ್ದರೆ ಒತ್ತಾಯ ಮಾಡಬೇಡಿ."

ಸಂಜೆ ಖೋಲಿಗೆ ಹೋದಾಗ ದೊಡ್ಡವ್ವ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದ ಖೋಲಿಯಲ್ಲಿ ಹುಡುಗಿ ಒಬ್ಬಳೇ ಇದ್ದಳು, ಅವಳಿಗೂ ಸೇರಿಸಿಯೇ ರೊಟ್ಟಿ. ನಾನು ಸುತ್ತು ಬಳಸದೆ ಹೇಳಿದೆ: ನೀನು ಸಹಿ ಮಾಡಿದ ಕಾಗದದಲ್ಲಿ ಏನಿದೆ, ಅದರಿಂದ ಏನಾಗಿದೆ.

ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಹೆಂಚಿನ ಮೇಲಿನದು ಕರಕಾಗತೊಡಗಿದರೂ ಆಕೆ ನೋಡಲಿಲ್ಲ.

"ಅಯ್ಯ ನನ್ನ ಶಿವನ! ಬಾಜೂ ಖೋಲಿ ಪೋರಿ ಗಂಡನ್ನ ನಾ ಒಳಗ ಹಾಕಿದ್ನೇನ ಬೇ?" ಆಮೇಲೆ ತಾನೇ ಹೇಳಿದಳು, "ಕೆಲಸದಿಂದ ಬರಾಕತ್ತಿದ್ನಿ. 'ಮೌಶಿ, ಸಹಿ ಬರ್ತದೇನು?' ಅಂದ ಹವಾಲ್ದಾರ. ಬರ್ತದ್ರಿ ಅಂದ್ನಿ. ಕುರ್ಚಿ ಕೊಟ್ಟ, ಚಹಾ ಕುಡಿಸಿದ. ಪೊಲೀಸ್ರು ನನ್ನಂಥಾಕಿಗೆ ಕುರ್ಚಿ ಕೊಡ್ತಾರಂದ್ರ… ಹೆಬ್ಬೆಟ್ಟಾಗಿದ್ರ ನನ್ನ ಕರೀತಿದ್ದಿಲ್ಲಲ್ಲ?"

"ಅದರಾಗ ಏನ್ ಬರದೈತಿ ಅಂತ ಕೇಳಬೇಕಿತ್ತು ದೊಡ್ಡವ್ವ" ಅಂದೆ. ಅನ್ನಬಾರದಿತ್ತು.

ಆಕೆ ಹಿಟ್ಟಿನ ಕೈ ನನ್ನ ಕಡೆ ಚಾಚಿದಳು. "ಯಾವಾಗ ಕಲಿಸಿದಿ ನೀ ಅದನ್ನ? ಖಾಲಿ ಜಾಗ ಕಂಡಲ್ಲಿ ಮಾಡು, ಬಿಡಬ್ಯಾಡ ಅಂದಾಕಿ ನೀನ ಹೌದಿಲ್ಲೋ? ನಿನ್ನ ಪುಸ್ತಕದಾಗ ಏನ್ ಬರದೈತಿ ಅಂತ ನನಗೇನ್ ಗೊತ್ತ? ನಿನ್ನ ಕೇಳಿದ್ನೇನು?"

ನಾನು ಅತ್ತೆ. ಆಕೆಯೂ ಅತ್ತಳು. ರೊಟ್ಟಿಯ ಸುಟ್ಟ ವಾಸನೆ ಖೋಲಿಯ ತುಂಬ ತುಂಬಿತ್ತು. ಈಗ ಏನು ಮಾಡಬಹುದು ಅನ್ನುವುದನ್ನು ಹೇಳಿದೆ, ಆಗಬಹುದಾದ ತೊಂದರೆಯನ್ನೂ ಮುಚ್ಚಿಡಲಿಲ್ಲ. ಗುತ್ತಿಗೆದಾರನಿಗೆ ಗೊತ್ತಾದರೆ ಖೋಲಿ ಬಿಡಿಸಬಹುದು. ಹವಾಲ್ದಾರ ದಿನಾ ಇದೇ ದಾರಿಯಲ್ಲಿ ಓಡಾಡುವವನು. ಆಕೆ ಪಕ್ಕದ ತಗಡಿನ ಗೋಡೆಯನ್ನೇ ನೋಡುತ್ತಾ ಕೂತಿದ್ದಳು. ಆಚೆ ಹುಡುಗಿ ಕೆಮ್ಮಿದ್ದು ಕೇಳಿಸಿತು.

"ಬರಿ" ಅಂದಳು. "ಕನ್ನಡದಾಗ ಬರಿ. ನಾ ಹೇಳ್ತೇನಿ. ನಿನ್ನವು ಸೇರಸಬ್ಯಾಡ."

ಆಕೆ ಹೇಳಿದಳು, ನಾನು ಬರೆದೆ. ರವಿವಾರ ಹತ್ತಕ್ಕೆ ವರ್ಗದಲ್ಲಿದ್ದೆ. ಝಡತಿ ನೋಡಿಲ್ಲ. ವಾಯರ್ ನೋಡಿಲ್ಲ. ಸೋಮವಾರ ಸಂಜೆ ಕರೆದು ಸಹಿ ಮಾಡಿಸಿಕೊಂಡರು, ಅರ್ಧ ಹಾಳೆ ಖಾಲಿ ಇತ್ತು. ಬರೆದ ಮೇಲೆ ಓದಿಸಿದಳು. ನಾನು ನಡುವೆ 'ಹೆದರಿಸಿ' ಅಂತ ಒಂದು ಮಾತು ಹಾಕಿದ್ದೆ. ಕೇಸು ಗಟ್ಟಿಯಾಗಲಿ ಅಂತ ಕೈ ತಾನೇ ಬರೆದಿತ್ತು.

"ಅವ ನನ್ನ ಎಲ್ಲೆ ಹೆದರಿಸಿದ? ತಗಿ ಅದನ್ನ. ಚಹಾ ಕುಡಿಸಿದ, ಅದನ್ನ ಬರಿ. ಅವ ಓದಿ ಹೇಳಲಿಲ್ಲ, ಬರಿ. ನಾನೂ ಕೇಳಲಿಲ್ಲ. ಅದನ್ನೂ ಬರಿ."

ಮತ್ತೊಂದು ಹಾಳೆಯಲ್ಲಿ ಶುರುವಿನಿಂದ ಬರೆದೆ. ಮೂರು ಸಲ ಓದಿಸಿದಳು. ಸಹಿ ಮಾಡುವ ಮೊದಲು ಕೊನೆಯ ಸಾಲಿನ ಕೆಳಗೆ ಉಳಿದ ಜಾಗದ ಮೇಲೆ ಬೆರಳಿಟ್ಟು, "ಇಲ್ಲೆ ಗೀಟು ಎಳಿ, ಯಾರೂ ಏನೂ ಬರೀಬಾರದು" ಅಂದಳು. ಯಾರೂ ಕಲಿಸದೆ ಆಕೆಗೆ ಅದು ಹೊಳೆದಿತ್ತು.

ಶನಿವಾರ ಕೆಲಸ ಬಿಟ್ಟು ನನ್ನ ಜೊತೆ ಠಾಣೆಗೆ ಬಂದಳು, ಮದುವೆಗೆ ಉಡುವ ಇಳಕಲ್ಲ ಸೀರೆ ಉಟ್ಟು. ಕನ್ನಡದ ಅರ್ಜಿಯ ಜೊತೆ ವಕೀಲಬಾಯಿ ಮಾಡಿಸಿದ ಇಂಗ್ಲಿಷ್ ಅನುವಾದ ಇತ್ತು. ಟಪಾಲು ತೆಗೆದುಕೊಳ್ಳುವ ಗುಮಾಸ್ತ, "ಇಟ್ಟು ಹೋಗಿ" ಅಂದ. ನಕಲಿನ ಮೇಲೆ ಮುದ್ರೆ ಬೇಕು ಅಂದೆ. "ಸಾಹೇಬರು ಬರಲಿ" ಅಂದ. ಬಂದ ಮೇಲೂ ಎರಡು ತಾಸು ಕಾಯಿಸಿದರು. ದೊಡ್ಡವ್ವ ಬೆಂಚಿನ ಮೇಲೆ ಕಾಲು ಮೇಲೆತ್ತಿ ಕೂತು ಎಲೆ ಅಡಿಕೆ ಹಾಕಿಕೊಂಡಳು. "ಬರ್ಲಿ ಬಿಡ ಬೇ. ಇಟ್ಟಂಗಿ ಹೊರೂಕಿಂತ ಇದು ಸುಖ ಐತಿ."

ಕೊನೆಗೆ ಇನ್‌ಸ್ಪೆಕ್ಟರ್ ಒಳಗೆ ಕರೆದರು. ಅನುವಾದ ಓದಿ ಹಿಂದಿಯಲ್ಲಿ, "ಪಂಚನಾಮೆಯ ಮೇಲಿನ ಸಹಿ ನಿನ್ನದಲ್ಲವೇ?" ಅಂದರು.

"ನಂದ ಐತ್ರಿ. ಸಹಿ ಖರೆ, ಮ್ಯಾಲಿಂದು ಸುಳ್ಳ."

ನಾನು ಹಿಂದಿಗೆ ತಿರುಗಿಸಿದೆ. "ಸುಳ್ಳು ಹೇಳಿದರೆ ನಿನ್ನ ಮೇಲೆಯೇ ಕೇಸಾಗುತ್ತದೆ, ಗೊತ್ತೇನು?" ಅಂದರು. ಅದನ್ನೂ ತಿರುಗಿಸಿ ಹೇಳಿದೆ. ದೊಡ್ಡವ್ವ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. "ಅದಕ್ಕ ಬಂದೇನ್ರಿ ಸಾಹೇಬ್ರ. ಆ ಕಾಗದದಾಗ ನಾ ಸುಳ್ಳ ಹೇಳಿದಂಗ ಆಗೇತಿ. ತಿದ್ದಾಕ ಬಂದೇನಿ."

ಅವರು ಅನುವಾದವನ್ನು ಇನ್ನೊಮ್ಮೆ ಓದಿದರು. ಆಮೇಲೆ ಗುಮಾಸ್ತನನ್ನು ಕರೆದು, "ಮುದ್ರೆ ಹಾಕಿಕೊಡು" ಅಂದರು.

ಸೋಮವಾರ ಆ ನಕಲು ಕೋರ್ಟಿನ ಮುಂದೆ ಬಂತು, ಗವಂಡಿಗೆ ಜಾಮೀನಾಯಿತು. ನಮ್ಮ ಯಜಮಾನರೇ ಜಾಮೀನಿಗೆ ನಿಂತರು. ಹೊರಗೆ ಬಂದವನು ಮೊದಲು ಹೋಗಿ ದೊಡ್ಡವ್ವನ ಕಾಲು ಮುಟ್ಟಿದ. ಆಕೆ ಕಾಲು ಹಿಂದಕ್ಕೆಳೆದುಕೊಂಡು, "ಬಿಡಪಾ, ನಾ ಮಾಡಿದ್ದನ್ನ ನಾನ ತಗದೇನಿ, ಇದರಾಗ ನನ್ನ ದೊಡ್ಡಸ್ತನ ಏನೈತಿ" ಅಂದಳು. ಹುಡುಗಿ ಮಾತ್ರ ಒಂದು ವಾರ ಆಕೆಯ ಜೊತೆ ಮಾತಾಡಲಿಲ್ಲ. ಆಮೇಲೊಂದು ದಿನ ಶೀರ್ ಖುರ್ಮಾ ಮಾಡಿ ಬಟ್ಟಲು ತಂದು ಹೊಸ್ತಿಲ ಮೇಲಿಟ್ಟು ಹೋದಳು. ಹೆಣ್ಣು ಮಗು ಹುಟ್ಟಿದಾಗ ಅದಕ್ಕೆ ಮೊದಲು ನೀರೆರೆದವಳು ದೊಡ್ಡವ್ವನೇ.

ಜಾಮೀನಾದ ಮೇಲಿನ ರವಿವಾರ ವರ್ಗದಲ್ಲಿ ಎಲ್ಲರೆದುರು ಹಾಜರಿ ಪುಸ್ತಕ ತೆರೆದು, ಮೊದಲೇ ಸಹಿ ಹಾಕಿಸಿದ್ದ ಚೌಕಗಳ ಮೇಲೆ ಗೀಟು ಹೊಡೆದೆ. ನಾನು ಮಾಡಿದ್ದು ತಪ್ಪು ಅಂತ ಹೇಳಿದೆ. ಮಗ್ಗಿಗೆ ಹೊಸ ಸಾಲು ಸೇರಿತು: ಓದಿ ಹೇಳ್ರಿ, ಆಮೇಲೆ ಸಹಿ. ಅಂದಿನಿಂದ ಸಹಿಗೇ ಅರ್ಧ ವರ್ಗ ಹೋಗುತ್ತಿತ್ತು, ಹೋಗಲಿ ಅಂತ ಬಿಟ್ಟೆ. ದೊಡ್ಡವ್ವನಂತೂ ಪ್ರತಿ ವಾರ ಪೆನ್ನು ಹಿಡಿದು ನನ್ನ ಮುಖ ನೋಡುತ್ತಿದ್ದಳು. ತಾರೀಕು, ವಾರ, ಊರು ಎಲ್ಲ ಓದಿದ ಮೇಲೆಯೇ ಪೆನ್ನು ಕೆಳಗಿಳಿಯುತ್ತಿತ್ತು. "ನಿನ್ನ ಮ್ಯಾಲ ನನಗ ಭರವಸ ಇಲ್ಲ ಬೇ" ಅಂತ ನಗುತ್ತಿದ್ದಳು. ಪೂರ್ತಿ ಚೇಷ್ಟೆಯೇನಲ್ಲ ಅದು.

ಈಗ ಆ ಕಟ್ಟಡದ ಬಾಲ್ಕನಿಗಳಲ್ಲಿ ಬಟ್ಟೆ ಒಣಗುತ್ತವೆ. ಖೋಲಿಗಳಿದ್ದಲ್ಲಿ ಕಾರು ನಿಲ್ಲುತ್ತವೆ. ನಮ್ಮ ಹೆಂಗಸರು ಒಬ್ಬರು ದಾಬೋಲಿಮ್ ಕಡೆಗೆ, ಒಬ್ಬರು ವಾಳಪೈ ಕಡೆಗೆ, ಕೆಲಸ ಇದ್ದಲ್ಲಿ ಹೋದರು. ದೊಡ್ಡವ್ವ ಊರಿಗೆ ಮರಳಿದಳು. ಆ ದಾರಿಯಲ್ಲಿ ಬಸ್ಸು ಹೋಗುವಾಗ ನಾನು ಕಿಟಕಿಯಿಂದ ಆ ಕಡೆ ನೋಡದೆ ಇರಲಾರೆ.

ಕೇಸಿನ ವಿಚಾರಣೆ ನಡೆದದ್ದು 2012ರಲ್ಲಿ. ಸಾಕ್ಷಿ ಹೇಳಲು ದೊಡ್ಡವ್ವ ಊರಿನಿಂದ ರೈಲು ಹತ್ತಿ ವಾಸ್ಕೋಕ್ಕೆ ಬಂದಳು, ಅದೇ ಇಳಕಲ್ಲ ಸೀರೆ. ಕಟಕಟೆಯಲ್ಲಿ ಎಲ್ಲ ಹೇಳಿದಳು, ದುಭಾಷಿ ಇಂಗ್ಲಿಷಿಗೆ ತಿರುಗಿಸಿದ, ಬೆರಳಚ್ಚಿನವನು ಟಕಟಕ ಹೊಡೆದ. ಮುಗಿದ ಮೇಲೆ ಹಾಳೆ ತಂದು ಮುಂದಿಟ್ಟು ಸಹಿಯ ಜಾಗ ತೋರಿಸಿದರು. ಆಕೆ ಪೆನ್ನು ತೆಗೆದುಕೊಂಡಳು, ಕೆಳಗಿಟ್ಟಳು.

"ಓದಿ ಹೇಳ್ರಿ."

ಹೊರಗೆ ಇನ್ನೂ ಎಷ್ಟೋ ಕೇಸುಗಳ ಜನ ಕಾಯುತ್ತಿದ್ದರು. ಯಾರೋ ಗೊಣಗಿದರು. ನ್ಯಾಯಾಧೀಶರು ಕನ್ನಡಕ ತೆಗೆದು ಆಕೆಯನ್ನು ನೋಡಿ, "ಓದಿ. ಸಾಲು ಸಾಲಾಗಿ, ಅವರ ಭಾಷೆಯಲ್ಲಿ" ಅಂದರು. ದುಭಾಷಿ ಓದತೊಡಗಿದ. ದೊಡ್ಡವ್ವ ಒಂದು ಕಡೆ ಕೈ ಎತ್ತಿ ತಡೆದು ಏನೋ ಅಂದಳು. ಹಿಂದಿನ ಸಾಲಿನಲ್ಲಿದ್ದ ನನಗೆ ಕೇಳಿಸಲಿಲ್ಲ. ನ್ಯಾಯಾಧೀಶರ ತುಟಿಯ ಮೇಲೆ ಸಣ್ಣ ನಗು ಬಂತು. ಬೆರಳಚ್ಚಿನವನು ಮತ್ತೆ ಏನೋ ಹೊಡೆದ. ಆಮೇಲೆ ಆಕೆ ಬಗ್ಗಿ, ನಾಲಿಗೆ ಹಲ್ಲಲ್ಲಿ ಕಚ್ಚಿಕೊಂಡು, ಕೊನೆಯ ಅಕ್ಷರ ಕೆಳಗೆ ಜಾರುವಂತೆ ಸಹಿ ಮಾಡಿದಳು. ಅಲ್ಲಿಯ ತನಕ ಇಡೀ ಕೋರ್ಟು ಕಾದಿತ್ತು. ಕೆಲವು ವಾರಗಳ ಮೇಲೆ ಗವಂಡಿಯ ಖುಲಾಸೆಯಾಯಿತು.

ಸಾಕ್ಷಿ ಹೇಳಿದ ದಿನ ವರಾಂಡಕ್ಕೆ ಬಂದ ಕೂಡಲೇ ಕೇಳಿದ್ದೆ, "ನಡುವ ತಡದು ಏನಂದಿ ದೊಡ್ಡವ್ವ? ಏನ್ ತಪ್ಪು ಬರದಿದ್ರು?"

ಆಕೆ ಸೊಂಟದ ಸಂಚಿಯಿಂದ ಅಡಿಕೆ ತೆಗೆಯುತ್ತಾ ಅಂದಳು, "ಕುರ್ಚಿ ಬರದಿದ್ರು, ಚಹಾ ಬಿಟ್ಟಿದ್ರು. ಬರಸಿ ಸಹಿ ಮಾಡಿ ಬಂದ್ನಿ."